ಮೊದಲು ಎದ್ದು ಹೋದವರು

ಮಡಕಶಿರಾ

ಹೊರದೇಶಕ್ಕೆ ಹೋಗಿಬಂದವರು ಸಾಮಾನ್ಯವಾಗಿ ಅಲ್ಲಿನ ರಸ್ತೆಗಳಿಂದ ಮಾತು ಶುರುಮಾಡುತ್ತಾರೆ. ನಾನು ನಮ್ಮೂರಿನ ಕೋತಿಗಳಿಂದ ಶುರುಮಾಡಬೇಕು.

ಇಪ್ಪತ್ತು ವರ್ಷದ ಹಿಂದೆ ಮಡಕಶಿರಾದಲ್ಲಿ ನಾನು ಕೇಬಲ್ ಟಿವಿ ನಡೆಸುತ್ತಿದ್ದೆ. ಮನೆಯ ಮಾಳಿಗೆ ಮೇಲೆ ಮೂರು ದೊಡ್ಡ ಡಿಶ್‌ಗಳಿದ್ದವು. ಒಂದು ದಿನ ಕೋತಿಗಳ ಹಿಂಡು ಬಂದು ಅದರಲ್ಲಿ ಒಂದನ್ನು ಹತ್ತಿ, ಜೋತಾಡಿ, ಪಕ್ಕಕ್ಕೆ ತಿರುಗಿಸಿ ಹೋಯಿತು. ಕೆಳಗೆ ಟಿವಿಯಲ್ಲಿ ತೆಲುಗು ಸಿನಿಮಾ ಮಾಯವಾಗಿ ಬೇರೆ ಏನೋ ಕಾಣಿಸಿತು. ಎರಡು ಗಾಜಿನ ಗೂಡು. ಗೂಡಿಗೊಬ್ಬ ಯುವಕ, ಕಿವಿಗೆ ಹೆಡ್‌ಫೋನ್, ಮುಂದೆ ಕಂಪ್ಯೂಟರ್. ಕಂಪ್ಯೂಟರಿನೊಳಗೆ ಹುಳುಗಳ ಸೈನ್ಯಕ್ಕೂ ಕಬ್ಬಿಣದ ಸೈನ್ಯಕ್ಕೂ ಯುದ್ಧ. ಕೋಟು ತೊಟ್ಟ ಮೂವರು ಅದನ್ನು ನೋಡಿ ಗಂಟಲು ಹರಿಯುವಂತೆ ಅರಚುತ್ತಿದ್ದರು. ಇಡೀ ದಿನ ವಿಡಿಯೊ ಗೇಮಿನ ಕಾರ್ಯಕ್ರಮಗಳನ್ನೇ ಹಾಕುವ ಕೊರಿಯಾದ ಚಾನೆಲ್ ಅದು ಅಂತ ನಮಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ.

ಡಿಶ್ ಸರಿಮಾಡಲು ಏಣಿ ಎತ್ತಿಕೊಂಡೆ. ನನ್ನ ಹೆಂಡತಿ ವಿಶಾಲಾಕ್ಷಿ ತಡೆದಳು.

"ಒಂದೀಟು ತಡೀರಿ. ಯಾರು ಗೆಲ್ತಾರ ನೋಡೂಣು."

ಅವಳು ರಾಯದುರ್ಗದವಳು. ನನ್ನ ಮಾತಿಗೂ ಅವಳ ಮಾತಿಗೂ ಮದುವೆಯಾದ ದಿನದಿಂದ ಪಂದ್ಯ ನಡೆದೇ ಇದೆ. ನಾನು ಕಡ್ಲೆಕಾಯಿ ಅಂದರೆ ಅವಳು ಶೇಂಗಾ ಅನ್ನುತ್ತಾಳೆ. ಅವತ್ತು ಅವಳ ಮಾತು ಉಳಿಯಿತು, ಏಣಿ ಗೋಡೆಗೆ ಒರಗಿತು. ಯಾರ ಅಪ್ಪಣೆ ಪಡೆದು ಆ ಚಾನೆಲನ್ನು ಊರಿಗೆ ತೋರಿಸಿದಿರಿ ಎಂದು ದಯವಿಟ್ಟು ಕೇಳಬೇಡಿ. ಕೋತಿಗಳೂ ಯಾರನ್ನೂ ಕೇಳಿರಲಿಲ್ಲ.

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೈಕಿತ್ತು. ನೀರು ಬಿಡುವ ಹೊತ್ತು, ಕಳೆದುಹೋದ ಮೇಕೆ, ಇಂಥವನ್ನು ಊರ ಕೇಬಲ್‌ನಲ್ಲಿ ಸಾರುವುದಕ್ಕೆ ಇಟ್ಟಿದ್ದು. ವಿಶಾಲಾಕ್ಷಿ ಒಂದು ಮಧ್ಯಾಹ್ನ ಆ ಮೈಕಿನ ಮುಂದೆ ಕೂತು ಕೊರಿಯಾದವರ ದನಿ ತಗ್ಗಿಸಿ ತಾನೇ ಆಟದ ವಿವರಣೆ ಶುರುಮಾಡಿದಳು. "ನೋಡ್ರಿ, ಕೂಲಿಯಾಳುಗಳು ನೀಲಿ ಕಲ್ಲು ಹೊರಾಕ ಹತ್ಯಾರ. ಈಕಡಿ ಗೊದ್ದಗಳು ಸಾಲು ಹಿಡಿದು ಬಂದ್ವು. ಅಯ್ಯಯ್ಯೋ, ಬಾಗಲ ಹಾಕ್ಕೊಳೋ ಮಾರಾಯ!" ಹುಳುಗಳ ಸೈನ್ಯ ಅವಳ ಬಾಯಲ್ಲಿ ಗೊದ್ದ, ಅಂದರೆ ಕಟ್ಟಿರುವೆ, ಆಗಿತ್ತು. ವಾರ ಕಳೆಯುವುದರೊಳಗೆ ರೇಷ್ಮೆ ನೂಲು ತೆಗೆಯುವ ಹೆಂಗಸರು, ಬಸ್‌ಸ್ಟ್ಯಾಂಡಿನ ಕ್ಷೌರದಂಗಡಿಯವರು, ಸಂತೆಗೆಂದು ಗುಡಿಬಂಡೆಯಿಂದ ಬಂದವರು ಎಲ್ಲ ಮಧ್ಯಾಹ್ನ ಟಿವಿಗೆ ಕಣ್ಣು ನೆಟ್ಟು ಕೂತರು. ಆಟದ ನಿಯಮ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ವಿಶಾಲಾಕ್ಷಿ ಒಪ್ಪಿಕೊಳ್ಳಲೂ ಇಲ್ಲ.

ಯಾರು ಗೆದ್ದರು ಅನ್ನುವುದನ್ನು ಮಾತ್ರ ನಾವು ಚೌಕಾಬಾರದ ಲೆಕ್ಕದಲ್ಲಿ ತೀರ್ಮಾನಿಸಿದ್ದೆವು. ಚೌಕಾಬಾರದಲ್ಲಿ ಯಾರ ಕಾಯಿಗಳೆಲ್ಲ ನಡುಮನೆ ಸೇರಿ ಹಣ್ಣಾಗುತ್ತವೋ ಅವರು ಗೆದ್ದು ಮೊದಲು ಏಳುತ್ತಾರೆ. ಕೊನೆಗೆ ಕೂತು ಉಳಿದವರು ಸೋತವರು, ಕವಡೆ ಎತ್ತಿಡುವುದು ಅವರ ಪಾಲು. ಟಿವಿಯಲ್ಲೂ ಅಷ್ಟೇ, ಒಬ್ಬ ಹೆಡ್‌ಫೋನ್ ತೆಗೆದು ಎದ್ದುನಿಲ್ಲುತ್ತಿದ್ದ, ಇನ್ನೊಬ್ಬ ಕೂತೇ ಇರುತ್ತಿದ್ದ. ಎದ್ದವನು ಗೆದ್ದ ಅಂತ ವಿಶಾಲಾಕ್ಷಿ ಸಾರುತ್ತಿದ್ದಳು. ಅವನು ಎದ್ದ ಕೂಡಲೇ ನಾನು ಗುಂಡಿ ಒತ್ತಿ ಸೀರೆ ಅಂಗಡಿಯ ಜಾಹೀರಾತು ಹಾಕುತ್ತಿದ್ದೆ. ಆಮೇಲೆ ಅಲ್ಲಿ ಏನಾಗುತ್ತಿತ್ತು ಅಂತ ನಾವು ಒಂದು ದಿನವೂ ನೋಡಲಿಲ್ಲ.

ಅವರಲ್ಲಿ ಒಬ್ಬನಿಗೆ ದಪ್ಪ ಕನ್ನಡಕ. ನಮಗೆ ಕಂಡ ಅವನ ಆಟಗಳಲ್ಲೆಲ್ಲ ಅವನೇ ಮೊದಲು ಏಳುತ್ತಿದ್ದ. ಏಳುವ ಮುಂಚೆ ಕನ್ನಡಕ ತೆಗೆದು ನಿಧಾನವಾಗಿ ಒರೆಸಿಕೊಳ್ಳುತ್ತಿದ್ದ. ವಿಶಾಲಾಕ್ಷಿ ಅವನಿಗೆ ಚಶ್ಮಾ ಸಾಹುಕಾರ ಅಂತ ಹೆಸರಿಟ್ಟಳು. ಸಾಹುಕಾರ ಮಡಕಶಿರಾದಲ್ಲಿ ಒಂದು ಪಂದ್ಯವನ್ನೂ ಸೋಲಲಿಲ್ಲ.

ಕೆಲವು ವರ್ಷಗಳ ಮೇಲೆ ಆ ಚಾನೆಲ್ ನಮ್ಮ ಡಿಶ್‌ಗೆ ಸಿಗುವುದು ನಿಂತಿತು. ವಿಶಾಲಾಕ್ಷಿಯ ಮಧ್ಯಾಹ್ನದ ಕಾರ್ಯಕ್ರಮ ನಿಲ್ಲಲಿಲ್ಲ, ಹಾಡು, ಅಡುಗೆ, ಊರ ಸುದ್ದಿ ಅಂತ ನಡೆಯಿತು. ಆಮೇಲೆ ಎಲ್ಲರ ಕೈಗೂ ಫೋನು ಬಂತು, ಊರ ಕೇಬಲ್ ಯಾರಿಗೂ ಬೇಡವಾಯಿತು. ನಾಲ್ಕು ವರ್ಷದ ಹಿಂದೆ ನಾನು ಮೈಕು ಬಿಚ್ಚಿ ಗೋಣಿಚೀಲಕ್ಕೆ ತುಂಬಿ, ಆ ಕೋಣೆಯನ್ನು ಬ್ಯಾಟರಿ ಅಂಗಡಿಗೆ ಬಾಡಿಗೆ ಕೊಟ್ಟೆ. ವಿಶಾಲಾಕ್ಷಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಒದ್ದೆ ಕೈಯಲ್ಲೇ ಬಂದು ಖಾಲಿ ಮೇಜು ನೋಡಿದಳು.

"ಒಂದ್ ಮಾತು ಕೇಳಬೇಕಿತ್ರಿ" ಎಂದಳು. ಅಷ್ಟೇ.

ಮುಂದಿನ ಹಬ್ಬಕ್ಕೆ ಅಕ್ಕನ ಮನೆಗೆ ಅಂತ ರಾಯದುರ್ಗಕ್ಕೆ ಹೋದವಳು ಬರಲಿಲ್ಲ. ಅಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿಕೊಂಡಳು. ನಾವು ಜಗಳವಾಡಲಿಲ್ಲ. ವಾರಕ್ಕೊಮ್ಮೆ ಫೋನಿನಲ್ಲಿ ಊಟ ಆಯ್ತಾ, ಮಳೆ ಬಂತಾ ಎಂದು ಕೇಳಿಕೊಳ್ಳುತ್ತಿದ್ದೆವು. ಎದ್ದು ಹೋದವಳು ಅವಳು, ಹಾಗಾಗಿ ಗೆದ್ದವಳೂ ಅವಳೇ. ಕೂತು ಉಳಿದವನು ನಾನು. ಗೆದ್ದವರನ್ನು ಸೋತವನು ಹೋಗಿ ಕರೆಯುವುದೇನು ಎಂದು ಮೊಂಡು ಹಿಡಿದೆ. ಮನಸ್ಸು ಮಾತ್ರ ದಿನಾ ರಾಯದುರ್ಗದ ಬಸ್ಸು ಹತ್ತಿ ಇಳಿಯುತ್ತಿತ್ತು.

ಈ ನಡುವೆ ನಮ್ಮ ಜಿಲ್ಲೆಗೆ ಕಾರು ಕಾರ್ಖಾನೆ ಬಂದು, ಅದರ ಹಿಂದೆ ಕೊರಿಯಾದವರು ಬಂದರು. ಅವರ ಮನೆಗಳಿಗೆ ಟಿವಿ, ಇಂಟರ್‌ನೆಟ್ ತಂತಿ ಎಳೆದುಕೊಡುವ ಕೆಲಸ ನನಗೆ ಸಿಕ್ಕಿತು. ಅಲ್ಲಿ ಪರಿಚಯವಾದವರು ಪಾರ್ಕ್ ಸಾಹೇಬರು, ನನ್ನ ವಯಸ್ಸಿನ ಇಂಜಿನಿಯರು. ಆ ಚಾನೆಲ್ಲಿನ ಕಥೆ ಹೇಳಿದಾಗ ನಂಬಲಾರದೆ ನನ್ನ ಮುಖವನ್ನೇ ನೋಡಿದರು. ಕೆಲಸ ಮುಗಿಸಿ ತಮ್ಮ ಊರು ಸಿಯೋಲ್‌ಗೆ ಮರಳಿದ ಮೇಲೆ ಮಗಳ ಮದುವೆಗೆ ಕರೆದರು. ಮದುವೆ ಕರೆಯೋಲೆ ಬಂದರೆ ಹೋಗದೆ ಇರುವ ಅಭ್ಯಾಸ ನಮ್ಮ ಮನೆತನಕ್ಕಿಲ್ಲ.

ವಿಶಾಲಾಕ್ಷಿಗೆ ಫೋನಿನಲ್ಲಿ ಹೇಳಿದೆ. "ಹೋಗಿ ಬರ್ರಿ. ಸ್ವೆಟರ್ ಇಟ್ಕೊಳ್ರಿ" ಎಂದಳು. ನೀನೂ ಬಾ ಅನ್ನುವ ಮಾತು ನನ್ನ ನಾಲಿಗೆ ತುದಿಯವರೆಗೆ ಬಂದು ಅಲ್ಲೇ ಕೂತಿತು. ಎರಡು ದಿನ ಕಳೆದು ರಾಯದುರ್ಗದ ಬಸ್ಸಿನ ಡ್ರೈವರ್ ಕೈಯಲ್ಲಿ ಎರಡು ಪೊಟ್ಟಣ ಶೇಂಗಾ ಚಟ್ನಿಪುಡಿ ಕಳಿಸಿದಳು. ಒಂದು ನನಗೆ. ಇನ್ನೊಂದರ ಮೇಲೆ ಚೀಟಿ ಅಂಟಿಸಿದ್ದಳು: "ಸಾಹುಕಾರ ಸಿಕ್ಕರೆ ಕೊಡಿ."

ಸಿಯೋಲ್, ಮೊದಲ ದಿನ

ನಾನು ಇಳಿದುಕೊಂಡ ವಸತಿಗೃಹದ ಒಡತಿ ಎಪ್ಪತ್ತು ದಾಟಿದ ಹೆಂಗಸು. ಚಪ್ಪಲಿ ಹೊರಗೆ ಬಿಡಬೇಕು ಎಂದು ಸನ್ನೆ ಮಾಡಿದಾಗ, ಅಷ್ಟು ನಮಗೆ ಬರುತ್ತದೆ ಅಂತ ಹೆಮ್ಮೆಯಿಂದ ಬಿಟ್ಟೆ. ಬಚ್ಚಲ ಬಾಗಿಲಲ್ಲಿ ಒಂದು ಜೊತೆ ಪ್ಲಾಸ್ಟಿಕ್ ಚಪ್ಪಲಿ ಕಂಡಿತು. ಮನೆಯೊಳಗೆ ಹಾಕಿಕೊಳ್ಳಲು ಕೊಟ್ಟಿದ್ದಾರೆ ಎಂದು ಅದನ್ನು ಮೆಟ್ಟಿ ನಡುಮನೆಯಲ್ಲೆಲ್ಲ ಓಡಾಡಿದೆ. ಮುದುಕಮ್ಮ ಎದೆ ಮೇಲೆ ಕೈ ಇಟ್ಟುಕೊಂಡರು. ಅದು ಬಚ್ಚಲಲ್ಲಿ ಮಾತ್ರ ಮೆಟ್ಟುವ ಚಪ್ಪಲಿಯಂತೆ. ನಮ್ಮ ಅತ್ತೆ ಬದುಕಿದ್ದಿದ್ದರೆ ಇದಕ್ಕಿಂತ ದೊಡ್ಡ ರಂಪ ಮಾಡುತ್ತಿದ್ದರು ಅಂತ ಸಮಾಧಾನ ಮಾಡಿಕೊಂಡು ನೆಲ ಒರೆಸಿಕೊಟ್ಟೆ.

ಮಧ್ಯಾಹ್ನ ಊಟ ಹುಡುಕಿಕೊಂಡು ಹೊರಟೆ. ನಾನು ಲಿಂಗಾಯತ, ಮಾಂಸ ಮುಟ್ಟುವವನಲ್ಲ. ಹಾಗೆಂದು ಕೊರಿಯನ್ ಭಾಷೆಯಲ್ಲಿ ಪಾರ್ಕ್ ಸಾಹೇಬರು ಬರೆದುಕೊಟ್ಟ ಕಾಗದ ಜೇಬಿನಲ್ಲಿತ್ತು. ಒಂದು ಹೋಟೆಲಿನಲ್ಲಿ ಬರೀ ತರಕಾರಿ ಬೇಯಿಸುವ ದೊಡ್ಡ ಬಾಣಲೆ ಕಂಡು ಒಳಗೆ ಹೋದೆ. ಬಡಿಸುವ ಹೆಂಗಸು ಕಾಗದ ಓದಿ ತಲೆಯಾಡಿಸಿದಳು, ಆಮೇಲೆ ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕಿದಳು. ಯಾರೂ ಇರಲಿಲ್ಲ. ಎರಡು ಬೆರಳು ಎತ್ತಿ ತೋರಿಸಿದಳು. ನಾನು ಒಂದು ಬೆರಳು ತೋರಿಸಿದೆ. ಅವಳು ಮತ್ತೆ ಎರಡು ಬೆರಳು ತೋರಿಸಿ, ಬೇಸರದ ಮುಖ ಮಾಡಿ ಬಾಗಿಲ ಕಡೆ ನೋಡಿದಳು. ಆ ಅಡುಗೆ ಇಬ್ಬರಿದ್ದರೆ ಮಾತ್ರ, ಒಬ್ಬರಿಗೆ ಮಾಡುವುದಿಲ್ಲ.

ನಮ್ಮ ಕಡೆ ಒಬ್ಬನೇ ಬಂದವನನ್ನು ಇಬ್ಬರ ನಡುವೆ ತುರುಕಿ ಕೂರಿಸುತ್ತಾರೆ, ಬೇಡ ಅಂದರೂ ಬಿಡುವುದಿಲ್ಲ. ಇಲ್ಲಿ ಆ ಎರಡು ಬೆರಳು ನನ್ನನ್ನು ಬೀದಿಯವರೆಗೂ ಹಿಂಬಾಲಿಸಿದವು. ಕೋಣೆಗೆ ಬಂದು ಹುರಿಹಿಟ್ಟು ಕಲಸಿ, ನನ್ನ ಪಾಲಿನ ಚಟ್ನಿಪುಡಿ ಒಡೆದು ಉಂಡೆ. ನಾಲ್ಕು ವರ್ಷದಿಂದ ಒಬ್ಬನೇ ಉಣ್ಣುತ್ತಿದ್ದರೂ ಒಬ್ಬನೇ ಎಂದು ಯಾರೂ ಹೀಗೆ ಬಾಯಿಬಿಟ್ಟು ಹೇಳಿರಲಿಲ್ಲ. ದುಃಖ ಒತ್ತರಿಸಿ ಬಂತು.

ಮದುವೆ ಮನೆ

ಪಾರ್ಕ್ ಸಾಹೇಬರ ಮಗಳ ಮದುವೆ ನಾನು ಜರಿಪಂಚೆಯ ಅಂಚು ಸರಿಮಾಡಿಕೊಳ್ಳುವುದರೊಳಗೆ ಅರ್ಧ ಮುಗಿದಿತ್ತು. ದೊಡ್ಡ ಕಟ್ಟಡ, ಮಹಡಿಗೊಂದು ಕಲ್ಯಾಣ ಮಂಟಪ. ಒಳಗೆ ಒಬ್ಬಳು ಮದುವೆಯಾಗುತ್ತಿರುವಾಗಲೇ ಇನ್ನೊಬ್ಬಳು ಮದುಮಗಳು ಬಾಗಿಲ ಹೊರಗೆ ಕಾಯುತ್ತಿದ್ದಳು, ಆಧಾರ್ ಕೇಂದ್ರದ ಮುಂದೆ ಕಾದ ಹಾಗೆ. ಬಂದವರು ಲಕೋಟೆ ಕೊಟ್ಟು ಊಟದ ಚೀಟಿ ಪಡೆದು, ಇನ್ನೂ ಮಾಲೆ ಬಿದ್ದಿತೋ ಇಲ್ಲವೋ ನೋಡದೆ ಊಟಕ್ಕೆ ನಡೆದರು. ಇದೊಂದು ವಿಷಯದಲ್ಲಿ ಅವರಿಗೂ ನಮಗೂ ವ್ಯತ್ಯಾಸ ಕಾಣಲಿಲ್ಲ.

ನನಗೆ ಸಿಕ್ಕಿದವರೆಲ್ಲ ಮೊದಲು ಕೇಳಿದ್ದು ವಯಸ್ಸು. ಯಾರು ಯಾರಿಗೆ ಎಷ್ಟು ಬಗ್ಗಬೇಕು ಅಂತ ಅದರ ಮೇಲೆ ನಿರ್ಧಾರವಂತೆ. ಐವತ್ತೆಂಟು ಅಂದೆ. ಎರಡನೇ ಪ್ರಶ್ನೆ ಹೆಂಡತಿ ಬಂದಿಲ್ಲವೇ ಅನ್ನುವುದು. "ರಾಯದುರ್ಗದಲ್ಲಿದ್ದಾಳೆ" ಎಂದು ಉತ್ತರಿಸಿದೆ. ಅದು ದೊಡ್ಡ ಉದ್ಯೋಗವೇನೋ ಅನ್ನುವಂತೆ ಅವರು ಗೌರವದಿಂದ ತಲೆದೂಗಿದರು.

ಪಾರ್ಕ್ ಸಾಹೇಬರು ಮಗಳನ್ನು ಕಳಿಸಿ ಕೈಯಲ್ಲಿ ಏನೂ ಕೆಲಸವಿಲ್ಲದೆ ನಿಂತಿದ್ದರು. ನನ್ನನ್ನು ಕಂಡು ಹತ್ತಿರ ಬಂದರು. ಅವರ ಮಾತು ಇಂಗ್ಲಿಷ್, ತೆಲುಗು, ಕೈಸನ್ನೆ ಮೂರೂ ಕಲೆತದ್ದು, ಅದನ್ನು ನಾನು ಕನ್ನಡದಲ್ಲಿ ಕೊಡುತ್ತೇನೆ.

"ಶನಿವಾರ ಮಧ್ಯಾಹ್ನ ನಿನ್ನ ಚಾನೆಲ್ಲಿಗೆ ಹೋಗೋಣ. ಹಳೇ ಆಟಗಾರರ ವಿಶೇಷ ಪಂದ್ಯ ಇದೆ. ಕನ್ನಡಕದವನೂ ಇದ್ದಾನೆ."

ಸಂತೋಷದಲ್ಲಿ ನಾನು ಅವರಿಗಿಂತ ಹೆಚ್ಚು ಬಗ್ಗಿದೆ. ಅವರು ನನಗಿಂತ ಎರಡು ತಿಂಗಳು ಚಿಕ್ಕವರು, ಹಾಗಾಗಿ ಅವರು ಇನ್ನೂ ಬಗ್ಗಬೇಕಾಯಿತು.

ಕೋಣೆಯ ಟಿವಿ

ಶನಿವಾರಕ್ಕೆ ಇನ್ನೂ ಮೂರು ದಿನವಿತ್ತು. ಹೊರಗೆ ಚಳಿ. ಕೋಣೆಯಲ್ಲಿ ಟಿವಿ ಹಚ್ಚಿ, ಗುಂಡಿ ಒತ್ತುತ್ತ ಒತ್ತುತ್ತ ಆ ಚಾನೆಲ್ ಹುಡುಕಿಕೊಂಡೆ. ಮೂಲೆಯ ಗುರುತು ಬದಲಾಗಿರಲಿಲ್ಲ. ಹಳೆಯ ನೆಂಟರ ಮನೆ ಸಿಕ್ಕಿದಂತಾಯಿತು.

ಬೆಳಿಗ್ಗೆ ಸುದ್ದಿ. ಯಾವ ಆಟಗಾರ ಯಾವ ತಂಡ ಬಿಟ್ಟ, ಯಾರ ಬೆರಳಿಗೆ ನೋವು, ಯಾವ ಹೊಸ ಗೇಮ್ ಬಂತು, ಇದನ್ನು ವಾರ್ತೆ ಓದುವ ಗಾಂಭೀರ್ಯದಲ್ಲೇ ಒಬ್ಬಳು ಓದುತ್ತಾಳೆ. ಆಮೇಲೆ ಒಬ್ಬ ರಿಪೇರಿಯವನ ಕಾರ್ಯಕ್ರಮ, ಜನ ಅಟ್ಟದಲ್ಲಿ ಎಸೆದಿದ್ದ ಹಳೇ ಗೇಮ್ ಪೆಟ್ಟಿಗೆಗಳನ್ನು ತಂದುಕೊಡುತ್ತಾರೆ, ಅವನು ಬೆಸುಗೆ ಹಾಕಿ ಜೀವ ಕೊಡುತ್ತಾನೆ. ಅವನ ಬೆಸುಗೆ ಕಡ್ಡಿ ಹಿಡಿಯುವ ರೀತಿ ನನಗೆ ಹಿಡಿಸಿತು. ಮಧ್ಯಾಹ್ನ ಆಟಗಾರರು ಅಡುಗೆ ಮಾಡಿ ಸುಟ್ಟುಕೊಳ್ಳುವ ಕಾರ್ಯಕ್ರಮ. ಸಂಜೆ ಒಬ್ಬ ದಪ್ಪನೆಯ ಮನುಷ್ಯ ಯಾವುದೋ ಕಾಡಿನ ಆಟವನ್ನು ಒಬ್ಬನೇ ಆಡುತ್ತಾನೆ, ಗಂಟೆಗಟ್ಟಲೆ ತನ್ನಷ್ಟಕ್ಕೇ ಮಾತಾಡುತ್ತಾನೆ, ದಾರಿ ತಪ್ಪುತ್ತಾನೆ, ನಗುತ್ತಾನೆ. ಅದನ್ನು ಇಡೀ ದೇಶ ಕೂತು ನೋಡುತ್ತದಂತೆ. ಮೊದಲು ನಗು ಬಂತು. ಎರಡನೇ ದಿನ ಅವನ ಹೊತ್ತಿಗೆ ನಾನೇ ಕಾದು ಕೂತೆ.

ಭಾಷೆ ತಿಳಿಯದಿದ್ದರೂ ಕಿವಿ ಮಾತ್ರ ಇನ್ನೊಂದು ದನಿಗೆ ಕಾಯುತ್ತಿತ್ತು. "ಬಾಗಲ ಹಾಕ್ಕೊಳೋ ಮಾರಾಯ" ಅನ್ನುವವರಿಲ್ಲದೆ ಆ ಕಬ್ಬಿಣದ ಸೈನ್ಯ, ಗೊದ್ದಗಳ ಸಾಲು ಎಲ್ಲ ಸಪ್ಪೆ. ಟಿವಿಯ ದನಿ ಪೂರ್ತಿ ತಗ್ಗಿಸಿ ನಾನೇ ಒಂದೆರಡು ಮಾತು ಆಡಿ ನೋಡಿದೆ. ನನ್ನ ದನಿ ನನಗೇ ನೀರು ಬಿಡುವ ಹೊತ್ತು ಸಾರಿದಂತೆ ಕೇಳಿಸಿತು. ವಿಶಾಲಾಕ್ಷಿಗೆ ಫೋನ್ ಮಾಡಿದೆ.

"ಉಂಡ್ರೇನ್ರಿ?"

"ಉಂಡೆ. ನಿಂದು?"

"ಆತ್ರಿ. ಸಾಹುಕಾರ ಸಿಕ್ಕನೇನ್ರಿ?"

"ಶನಿವಾರ ಸಿಗ್ತಾನೆ."

"ಹೌದ್ರೀ?" ಅಂದಳು. ಆ ಒಂದು ಮಾತಿನಲ್ಲಿ ಮೈಕಿನ ಮುಂದೆ ಕೂರುತ್ತಿದ್ದ ಹಳೆಯ ವಿಶಾಲಾಕ್ಷಿ ಇಣುಕಿದಳು. ನೀನಿಲ್ಲದೆ ಇಲ್ಲೇನೂ ರುಚಿಸುತ್ತಿಲ್ಲ ಅನ್ನಬೇಕಿತ್ತು. "ಚಳಿ ಜಾಸ್ತಿ" ಅಂದೆ.

ಸ್ಟುಡಿಯೊ

ದೊಡ್ಡ ಅಂಗಡಿಗಳ ಕಟ್ಟಡದ ತುದಿಯ ಮಹಡಿಯಲ್ಲಿ ಸ್ಟುಡಿಯೊ. ನಮ್ಮೂರ ಸಿನಿಮಾ ಟೆಂಟಿಗಿಂತ ಚಿಕ್ಕದು. ಟಿವಿಯಲ್ಲಿ ಅರಮನೆಯಂತೆ ಕಾಣುತ್ತಿದ್ದ ಗಾಜಿನ ಗೂಡುಗಳು ಎಸ್‌ಟಿಡಿ ಬೂತಿನಷ್ಟೇ ಇದ್ದವು. ನೋಡಲು ಬಂದವರು ನಲವತ್ತು ದಾಟಿದ ಗಂಡಸರು, ಹೆಂಗಸರು, ಕೆಲವರು ಆಫೀಸಿನ ಬಟ್ಟೆಯಲ್ಲೇ ಬಂದಿದ್ದರು. ನಾನೂ ಪಾರ್ಕ್ ಸಾಹೇಬರೂ ಎರಡನೇ ಸಾಲಿನಲ್ಲಿ ಕೂತೆವು. ಪೊಟ್ಟಣ ನನ್ನ ತೊಡೆಯ ಮೇಲಿತ್ತು.

ಸಾಹುಕಾರ ಬಂದ. ಹೊಟ್ಟೆ ಬಂದಿದೆ, ಕೂದಲು ಹೋಗಿದೆ, ಕನ್ನಡಕ ಮಾತ್ರ ಅದೇ. ಆಟ ಶುರುವಾಯಿತು. ಕೂಲಿಯಾಳುಗಳು ನೀಲಿ ಕಲ್ಲು ಹೊತ್ತವು, ಗೊದ್ದಗಳು ಸಾಲು ಹಿಡಿದವು. ಅರ್ಧ ಗಂಟೆಯ ಮೇಲೆ ಸಾಹುಕಾರ ಕನ್ನಡಕ ತೆಗೆದು ನಿಧಾನವಾಗಿ ಒರೆಸಿದ. ನಾನು ಕುರ್ಚಿಯ ತುದಿಗೆ ಸರಿದು ಕೂತೆ. ಅವನು ಹೆಡ್‌ಫೋನ್ ಇಳಿಸಿ ಎದ್ದುನಿಂತ.

"ಗೆದ್ದ! ನಮ್ ಸಾಹುಕಾರ ಗೆದ್ದ!" ಎಂದು ಎದ್ದುನಿಂತು ಚಪ್ಪಾಳೆ ತಟ್ಟಿದೆ.

ಇಡೀ ಸಭೆಯಲ್ಲಿ ಒಂದೇ ಜೊತೆ ಕೈ ಸದ್ದು ಮಾಡುತ್ತಿತ್ತು, ನನ್ನದು. ಎಲ್ಲರೂ ತಿರುಗಿ ನೋಡಿದರು. ಪಾರ್ಕ್ ಸಾಹೇಬರು ನನ್ನ ಪಂಚೆ ಹಿಡಿದು ಕೂರಿಸಿದರು.

"ಅವನು ಸೋತ" ಎಂದು ಪಿಸುಗುಟ್ಟಿದರು. "ಸೋತೆ ಅಂತ ಒಪ್ಪಿಕೊಂಡವನು ಮೊದಲು ಏಳುತ್ತಾನೆ. ಈತ ಒಳ್ಳೆಯ ಆಟಗಾರ, ಆದರೆ ಫೈನಲ್‌ಗೆ ಬಂದು ಯಾವಾಗಲೂ ಎರಡನೆಯವನು. ಅದಕ್ಕೇ ಹೆಸರುವಾಸಿ."

ಅಷ್ಟರಲ್ಲಿ ನಾನು ಮಡಕಶಿರಾದಲ್ಲಿ ಇಷ್ಟೂ ವರ್ಷ ಸೀರೆ ಅಂಗಡಿಯ ಜಾಹೀರಾತಿನಿಂದ ಮುಚ್ಚಿಹಾಕಿದ್ದ ಭಾಗ ನನ್ನ ಕಣ್ಣೆದುರಿಗೆ ನಡೆಯತೊಡಗಿತು. ಇನ್ನೊಂದು ಗೂಡಿನಲ್ಲಿ ಕೂತಿದ್ದವನ ಮೇಲೆ ದೀಪ ಬಿತ್ತು. ಅವನು ಮುಖ ಒರೆಸಿಕೊಂಡು ಎದ್ದ. ಕುಣಿಯಲಿಲ್ಲ. ತನ್ನ ಗೂಡಿನ ಬಾಗಿಲು ತೆಗೆದು, ವೇದಿಕೆಯ ಆ ಕಡೆಯಿಂದ ಈ ಕಡೆಗೆ ನಡೆದುಬಂದ. ಸಾಹುಕಾರ ತನ್ನ ಗೂಡಿನಲ್ಲಿ ನಿಂತೇ ಕಾಯುತ್ತಿದ್ದ. ಗೆದ್ದವನು ಬಾಗಿಲಲ್ಲಿ ಬಗ್ಗಿ, ಎರಡೂ ಕೈಯಿಂದ ಅವನ ಕೈ ಹಿಡಿದ. ಆಗ ಜನ ಚಪ್ಪಾಳೆ ತಟ್ಟಿದರು. ನನ್ನ ಕೈಗಳು ಏಳಲಿಲ್ಲ.

ಹೊರಗೆ ಬಂದ ಸಾಹುಕಾರನಿಗೆ ಪಾರ್ಕ್ ಸಾಹೇಬರು ನನ್ನ ಕಥೆ ಹೇಳಿದರು. ಭಾರತದಲ್ಲಿ ಒಂದು ಊರಿದೆ, ಅಲ್ಲಿ ನೀನು ಒಂದೂ ಪಂದ್ಯ ಸೋತಿಲ್ಲ ಎಂದರು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತ ನಗುತ್ತ ಕನ್ನಡಕ ತೆಗೆದು ಒರೆಸಿದ, ಹಾಕಿಕೊಳ್ಳುವುದು ತಡವಾಯಿತು. ಊರ ಹೆಸರು ಕೇಳಿ ಎರಡು ಸಲ ಹೇಳಿ ಕಲಿತುಕೊಂಡ. ನಾನು ಪೊಟ್ಟಣ ಕೊಟ್ಟೆ. ಅಲ್ಲೇ ಬಿಚ್ಚಿ, ಬೆರಳಿಗೆ ಅಂಟಿಸಿಕೊಂಡು ನೆಕ್ಕಿ, ಖಾರಕ್ಕೆ ಕಣ್ಣರಳಿಸಿ, ಮತ್ತೆ ನೆಕ್ಕಿದ.

"ಎದ್ದು ನಿಂತಾಗ ಏನನ್ನಿಸುತ್ತಿತ್ತು, ಕೇಳಿ" ಅಂದೆ ಪಾರ್ಕ್ ಸಾಹೇಬರಿಗೆ.

ಅವನು ಯೋಚಿಸಿ ಹೇಳಿದ. ಸೋಲಿಗಿಂತ ಕಷ್ಟ ಆಮೇಲಿನ ಅರ್ಧ ನಿಮಿಷವಂತೆ. ಗೆದ್ದವನು ಬರುವವರೆಗೆ ಒಬ್ಬನೇ ಗಾಜಿನೊಳಗೆ ನಿಂತಿರಬೇಕು. ಎಲ್ಲರೂ ನೋಡುತ್ತಿರುತ್ತಾರೆ, ಯಾರೂ ಹತ್ತಿರವಿರುವುದಿಲ್ಲ.

"ಗೆದ್ದವನು ಬರದೇ ಇದ್ದರೆ?"

ಈ ಪ್ರಶ್ನೆ ಪಾರ್ಕ್ ಸಾಹೇಬರು ಎರಡು ಸಲ ಕೇಳಬೇಕಾಯಿತು, ಅವನಿಗೆ ಅರ್ಥವೇ ಆಗಲಿಲ್ಲ. ಬರದೆ ಇರುವವರು ಯಾರೂ ಇಲ್ಲ ಎಂದ. ಆಮೇಲೆ ಕನ್ನಡಕ ಒರೆಸುವ ತನ್ನ ತುಂಡುಬಟ್ಟೆಯನ್ನು ಮಡಚಿ, ಎರಡೂ ಕೈಯಲ್ಲಿ ಹಿಡಿದು, ವಿಶಾಲಾಕ್ಷಿಗೆ ಎಂದು ಕೊಟ್ಟ.

ವಾಪಸು ಬರುವಾಗ ರೈಲಿನಲ್ಲಿ ವಯಸ್ಸಾದವರ ಸೀಟಿನಲ್ಲಿ ನನ್ನನ್ನು ಕೂರಿಸಿದರು. ಪಾರ್ಕ್ ಸಾಹೇಬರು ಏನೋ ಮಾತಾಡುತ್ತಿದ್ದರು. ನನಗೆ ಖಾಲಿ ಮೇಜಿನ ಮುಂದೆ ಒದ್ದೆ ಕೈಯಲ್ಲಿ ನಿಂತ ವಿಶಾಲಾಕ್ಷಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅವತ್ತು ಮೈಕು ಕಿತ್ತವನು ನಾನು. ಸೋತು ಎದ್ದವಳು ಅವಳು. ನಾಲ್ಕು ವರ್ಷದಿಂದ ಅವಳು ನಿಂತೇ ಇದ್ದಾಳೆ.

ರಾಯದುರ್ಗ

ಬೆಂಗಳೂರಿನಲ್ಲಿ ಇಳಿದು ಬಸ್‌ಸ್ಟ್ಯಾಂಡಿಗೆ ಬಂದೆ. ಮಡಕಶಿರಾ ದಾರಿಯ ಹಿಂದೂಪುರದ ಬಸ್ಸು ಎದುರಿಗೇ ನಿಂತಿತ್ತು, ಅದು ಹತ್ತಿದರೆ ಮಧ್ಯಾಹ್ನದೊಳಗೆ ನನ್ನ ಮನೆ. ಅದನ್ನು ಬಿಟ್ಟು ರಾಯದುರ್ಗದ ಬಸ್ಸು ಹುಡುಕಿ ಹತ್ತಿದೆ. ಚಳ್ಳಕೆರೆ, ಮೊಳಕಾಲ್ಮೂರು ದಾಟುವವರೆಗೆ ಏನು ಹೇಳಬೇಕು ಅಂತ ಬಾಯಿಪಾಠ ಮಾಡಿದೆ. ಕೋಟೆಬೆಟ್ಟ ಕಂಡ ಕೂಡಲೇ ಎಲ್ಲ ಮರೆತುಹೋಯಿತು.

ಜೀನ್ಸ್ ಕಾರ್ಖಾನೆ ಎಂದರೆ ಒಂದು ಉದ್ದನೆಯ ಶೀಟಿನ ಮನೆ. ಮೂವತ್ತು ಮಿಷಿನ್ನುಗಳು ಒಟ್ಟಿಗೆ ಕಿರುಚುತ್ತಿದ್ದವು. ವಿಶಾಲಾಕ್ಷಿ ಕೊನೆಯ ಸಾಲಿನಲ್ಲಿ ನಿಂತು ಹೊಲಿದ ಪ್ಯಾಂಟುಗಳ ನೂಲು ಕತ್ತರಿಸುತ್ತಿದ್ದಳು. ಸೂಟ್‌ಕೇಸು ಹಿಡಿದ ನನ್ನನ್ನು ಕಂಡು ಕತ್ತರಿ ನಿಲ್ಲಿಸಿದಳು.

"ಯಾಕ್ರಿ, ಮನಿಗೆ ಹೋಗಲಿಲ್ಲೇನು? ಆರಾಮ ಅದೀರಿಲ್ಲೋ?"

"ಆರಾಮಿದೀನಿ."

ಬಟ್ಟೆಯ ತುಂಡು ಕೊಟ್ಟೆ. ಯಾರದು ಎಂದು ಹೇಳಿದೆ. ಅದನ್ನು ಬಿಚ್ಚಿ, ಮೂಸಿ, ಮತ್ತೆ ಮಡಚಿದಳು. ಮುಖ ಅರಳಿತ್ತು.

"ಸಾಹುಕಾರ ಗೆದ್ದನೇನ್ರಿ?"

"ಸೋತ. ಅವನು ಯಾವಾಗ್ಲೂ ಸೋಲ್ತಾನೇ ಇದ್ದ ಕಣೇ. ನಾವು ತಪ್ಪು ತಿಳ್ಕಂಡಿದ್ವಿ. ಅಲ್ಲಿ ಸೋತವ್ರು ಮೊದ್ಲು ಏಳ್ತಾರೆ."

"ಮತ್ತ ಗೆದ್ದವರು?"

"ಗೆದ್ದವ್ರು ಎದ್ ಬಂದು ಕೈ ಹಿಡೀಬೇಕು. ಅಷ್ಟೊತ್ತಿಗೆ ನಾನು ಜಾಹೀರಾತು ಹಾಕ್ಬುಡ್ತಿದ್ದೆ."

ನನ್ನ ಬಾಯಿಪಾಠದಲ್ಲಿ ಉಳಿದಿದ್ದು ಒಂದೇ ಮಾತು. "ನಿನ್ನ ಒಂದ್ ಮಾತು ಕೇಳ್ಬೇಕಿತ್ತು" ಅಂದೆ. ಅಂದು, ಸೂಟ್‌ಕೇಸು ಕೆಳಗಿಟ್ಟು, ಆ ಆಟಗಾರನ ಹಾಗೆ ಎರಡೂ ಕೈ ಮುಂದೆ ಚಾಚಿ, ಬಗ್ಗಿ ನಿಂತೆ.

ಹತ್ತಿರದ ಮಿಷಿನ್ನುಗಳು ಒಂದೊಂದಾಗಿ ನಿಂತವು.

"ಏನ್ರಿ ಇದು, ಓಟು ಕೇಳಾಕ ಬಂದವರಂಗ" ಅಂದಳು. ಕತ್ತರಿ ಬದಿಗಿಟ್ಟು, ಜೀನ್ಸ್ ಬಣ್ಣ ಹತ್ತಿ ನೀಲಿಯಾಗಿದ್ದ ಕೈಯನ್ನು ನನ್ನ ಕೈಯಲ್ಲಿಟ್ಟಳು. "ಆಕಡಿಂದ ಈಕಡಿ ಬರಾಕ ನಾಕು ವರ್ಷ ಬೇಕಾತೇನ್ರಿ?"

ಆ ಕೈ ಹಿಡಿದುಕೊಂಡು ನಿಂತೆ.

"ಬಿಡ್ರಿ, ಎಲ್ಲಾರೂ ನೋಡಾಕ ಹತ್ಯಾರ" ಅಂದಳು. ಕೈ ಮಾತ್ರ ಎಳೆದುಕೊಳ್ಳಲಿಲ್ಲ.